ಹೊರು, ಹೊರಿಸು

ಜುಬೈಲಿನ ಹಳೇ ಸೂಕಿನ ಹಿಂದೆ
ಕೀಲಿ ಕೆತ್ತುವವನಿಗೂ ಶವರ್ಮಾದವನಿಗೂ ನಡುವೆ
ನನ್ನ ಟೈಪಿಂಗ್ ಅಂಗಡಿ. ಎರಡು ಕುರ್ಚಿ, ಒಂದು ಬೆಂಚು,
ಮುದುಕನ ಹಾಗೆ ಕೆಮ್ಮುವ ಏಸಿ.
ಅರ್ಜಿಗೆ ಹದಿನೈದು ರಿಯಾಲು, ವೀಸಾಕ್ಕೆ ಇಪ್ಪತ್ತು,
ದೂರಿಗೆ ಮೂವತ್ತು.
ದೂರಿಗೇಕೆ ಜಾಸ್ತಿ ಎಂದು ಈವರೆಗೆ ಯಾರೂ ಕೇಳಿಲ್ಲ.

ಬೆಳಿಗ್ಗೆ ಹತ್ತೂಕಾಲಿಗೆ ಕಫೀಲ ಬಂದ.
ಊದಿನ ಅತ್ತರು ಅವನಿಗಿಂತ ಮೊದಲು ಒಳಗೆ ಬಂತು.
ಕೂರಲಿಲ್ಲ. ಇಕಾಮಾದ ನಕಲು ಮೇಜಿನ ಮೇಲಿಟ್ಟು
ಒಂದೇ ಶಬ್ದ ಹೇಳಿದ: ಹುರೂಬ್.
ಓಡಿಹೋದ, ಅಂತ.
ಹೇಳದೆ ಕೇಳದೆ, ಕೆಲಸ ಬಿಟ್ಟು, ಇಂಥ ದಿನದಿಂದ.

ಮುಖಕ್ಕೆ ಮಸಿ ಬಳಿಯುವ ಕೆಲಸವನ್ನು
ಜೆರಾಕ್ಸು ನನಗಿಂತ ಮೊದಲೇ ಮುಗಿಸಿತ್ತು.
ಹೆಸರು ಮಾತ್ರ ನಿಚ್ಚಳ: ಭೀಮಶಾ.
ಆಳಂದದ ಕಡೆಯ ಟೈಲರು.
ನಿನ್ನೆ ಇಶಾ ಬಾಂಗಿನ ಹೊತ್ತಿಗೆ
ಇದೇ ಬೆಂಚಿನ ತುದಿಗೆ ಕೂತಿದ್ದ.
"ಐದ್ ತಿಂಗಳಾತ್ರಿ ಅಣ್ಣಾ, ಪಗಾರ ಇಲ್ಲ.
ಒಂದ್ ಕಾಗದ ಬರದು ಕೊಡ್ರಿ,
ರೊಕ್ಕ ಶುಕ್ರವಾರ ಕೊಡ್ತೀನಿ."
ನೆಟ್ ಇಲ್ಲ, ನಾಳೆ ಬಾ ಅಂದಿದ್ದೆ.
ನೆಟ್ ಇತ್ತು.
ಇಲ್ಲದ್ದು ರೊಕ್ಕ.

ಉಳ್ಳಾಲದ ಶಾಲೆಯಲ್ಲಿ ಪ್ರೇಮಾವತಿ ಟೀಚರು
ಕರಿಹಲಗೆಯ ಮೇಲೆ ಬರೆದಿದ್ದರು:
ಹೊರು, ಧಾತು. ಹೊರಿಸು, ಪ್ರೇರಣಾರ್ಥಕ.
"ಇಸು ಸೇರಿದರೆ ಮಾಡುವವ ಬೇರೆ, ಮಾಡಿಸುವವ ಬೇರೆ.
ತಿಳಿಯಿತಾ ಮಕ್ಕಳೇ?"
ತಿಳಿಯಿತು ಎಂದು ರಾಗ ಎಳೆದಿದ್ದೆವು.
ಮೂಟೆ ಹೊರಿಸುವುದಕ್ಕೂ ತಪ್ಪು ಹೊರಿಸುವುದಕ್ಕೂ
ಒಂದೇ ಮಾತು ಯಾಕೆ ಟೀಚರ್ ಎಂದು
ಆಗಲೇ ಕೇಳಬೇಕಿತ್ತು.
ಮೂಟೆಯಾದರೆ ಇಳಿಸಲು ಎಲ್ಲೋ ಒಂದು ಗೋದಾಮು ಇರುತ್ತದೆ.

ಕಫೀಲನ ಫೋನಿನ ತೆರೆಯ ಮೇಲೊಂದು ಗಿಡುಗ.
ಅವನದೇ ಮುಂಗೈ ಮೇಲೆ ಕೂತಿದೆ, ಕಣ್ಣಿಗೆ ತೊಗಲಿನ ಟೊಪ್ಪಿ.
ನಮ್ಮಲ್ಲಿ ಗೂಬೆ. ತಲೆಯ ಮೇಲೆ ಕೂರಿಸುತ್ತೇವೆ,
ಇನ್ನೊಬ್ಬರ ತಲೆಯ ಮೇಲೆ.
ಬೇಟೆ ಮುಗಿಸಿದ ಗಿಡುಗ ಸಾಕಿದವನ ಕೈಗೇ ಮರಳುತ್ತದಂತೆ.
ಗೂಬೆ ಮರಳಿದ್ದನ್ನು ನಾನು ಕಂಡಿಲ್ಲ.
ಅದು ಕೂತಲ್ಲೇ ಮೊಟ್ಟೆಯಿಡುತ್ತದೆ.

ಬಲದಿಂದ ಎಡಕ್ಕೆ ಟೈಪು ಮಾಡಿದೆ.
ಹೆಸರು. ಸಂಖ್ಯೆ, ಹತ್ತು ಅಂಕಿ.
ಏಳನೆಯದರ ಮೇಲೆ ಬೆರಳು ತುಸು ನಿಂತಿತು.
ಒಂದು ಅಂಕಿ ತಪ್ಪಿದರೆ
ಅರ್ಜಿ ಮೂರು ದಿನ ಅಲೆದು ವಾಪಸು ಬರುತ್ತದೆ.
ಮೂರು ದಿನ ಸಾಕಿತ್ತು.
ಆದರೆ ಹದಿನಾಲ್ಕು ವರ್ಷದಲ್ಲಿ
ನನ್ನದೊಂದೂ ಅರ್ಜಿ ವಾಪಸು ಬಂದಿಲ್ಲವೆಂದು
ಊರಿನ ಮದುವೆಗಳಲ್ಲಿ ಬಿರಿಯಾನಿಯ ಮುಂದೆ ಹೇಳಿಕೊಂಡವನು ನಾನು.

ದೂರುದಾರ: ಇಂಥವನು.
ಆರೋಪಿ: ಇಂಥವನು.
ಸಾಕ್ಷಿ: ಖಾಲಿ ಬಿಡಬಹುದು.
ಬೆರಳಚ್ಚು ಮಾಡಿದವನು ಯಾರೆಂದು ಕೇಳುವ ಕಾಲಮ್ಮಿಲ್ಲ,
ಬೆರಳಚ್ಚು ಕೊಡಬೇಕಾದವನು ಮಾತ್ರ
ಎಲ್ಲೇ ಸಿಕ್ಕಿದರೂ ಕೊಡಬೇಕು.
ಕಫೀಲ ಐವತ್ತರ ನೋಟು ಕೊಟ್ಟ.
ಉಳಿದದ್ದು ಚಹಾಕ್ಕೆ ಅಂದ. ಒಳ್ಳೆಯ ಮನುಷ್ಯ.
ಹೋಗುವಾಗ ಸಲಾಮು ಮರೆಯಲಿಲ್ಲ.

ಸಂಜೆ ಭೀಮಶಾ ಬಂದ.
ಕೊರಳಲ್ಲಿ ಅಳತೆಯ ಟೇಪು, ತೋಳಿಗೆ ಅಂಟಿದ ಬಿಳಿ ದಾರ.
ಓಡಿಹೋದವನು ಕೆಲಸ ಮುಗಿಸಿ, ಮುಖ ತೊಳೆದು ಬಂದಿದ್ದ.
"ನೆಟ್ ಬಂತೇನ್ರಿ ಅಣ್ಣಾ?"
ಬಂತು ಅಂದೆ.
ಆ ಇಪ್ಪತ್ತರಲ್ಲಿ ಎರಡು ಸುಲೈಮಾನಿ ತರಿಸಿದೆ.
ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು
ಗೋಡೆಯ ದರಪಟ್ಟಿಯನ್ನು
ಓದಲು ಬಾರದೆಯೂ ಓದುತ್ತ ಕೂತ.
ಐದು ತಿಂಗಳು, ದಿನಾಂಕ ಸಮೇತ, ಅವನ ದೂರನ್ನೂ ಟೈಪು ಮಾಡಿದೆ.
ದುಡ್ಡು ಬೇಡ ಅಂದೆ.
ಕಳಿಸುವ ಗುಂಡಿ ಒತ್ತಿದೆ.
ತೆರೆ ಕೆಂಪಾಯಿತು:
ಈ ಸಂಖ್ಯೆಯವನು ಓಡಿಹೋಗಿದ್ದಾನೆ.

"ಏನಂತದ್ರಿ ಅಣ್ಣಾ ಅದು?"

ಅರಬ್ಬಿ ಓದಬಲ್ಲವನು
ಅಂಗಡಿಯೊಳಗೆ ನಾನೊಬ್ಬನೇ.